ಹೊಟ್ಟೆ ತುಂಬಿದರೆ ನಿಲ್ಲುವ ಗಾಡಿ

ಕಳೆದ ವರ್ಷದ ರಾಜ್ಯೋತ್ಸವದ ದಿನ ನಮ್ಮ ಸಂಘದಲ್ಲಿ ಊಟಕ್ಕೆ ಎರಡೂವರೆ ಗಂಟೆ ತಡವಾದುದು ಸದಸ್ಯರೆಲ್ಲರಿಗೂ ನೆನಪಿರಬಹುದು. ಅತಿಥಿಗಳು ಭಾಷಣ ಮುಗಿಸಿ, ಮುಗಿದ ಭಾಷಣವನ್ನೇ ಮತ್ತೆ ಸ್ವಲ್ಪ ಮುಂದುವರಿಸಿ, ಮಕ್ಕಳು ಒಮ್ಮೆ ಆಡಿದ ಕೋಲಾಟವನ್ನು ಎರಡನೆಯ ಸಲ ಆಡಿದರೂ ರೊಟ್ಟಿ ಬರಲಿಲ್ಲ. ಆರುನೂರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಹೊತ್ತು ಬೀದರದ ಕಡೆಯ ಹಳ್ಳಿಯಿಂದ ನಸುಕಿನಲ್ಲಿ ಹೊರಟಿದ್ದ ಪಿಕಪ್ ಗಾಡಿ ಕಂದಿಯ ಹತ್ತಿರ ಹೆದ್ದಾರಿಯ ಮಗ್ಗುಲಿಗೆ ನಿಂತುಬಿಟ್ಟಿತ್ತು. ಗಾಡಿ ನಮ್ಮ ಭಾವಮೈದುನನದು. ಅದನ್ನೇ ಗೊತ್ತುಮಾಡೋಣವೆಂದು ಸಮಿತಿಯಲ್ಲಿ ಗಟ್ಟಿಯಾಗಿ ಹೇಳಿದವರು ನಾವು. ಕಾರ್ಯದರ್ಶಿಗಳು ಸಜ್ಜನರು, ಅಂದು ಏನೂ ಕೇಳಲಿಲ್ಲ. ಸಂಪಾದಕರು ಮಾತ್ರ, "ಆದದ್ದೇನೆಂದು ಬರೆದುಕೊಡಿ, ನಮ್ಮವರಲ್ಲಿ ಗಾಡಿ ಇಟ್ಟುಕೊಂಡವರು ಬಹಳ ಮಂದಿ ಇದ್ದಾರೆ" ಎಂದರು. ಆದ್ದರಿಂದ ಈ ಕೈಫಿಯತ್ತು.

ಇಲ್ಲಿ 'ನಾವು' ಎಂದು ಬರೆಯುತ್ತಿರುವುದನ್ನು ದೊಡ್ಡಸ್ತಿಕೆಯೆಂದು ಯಾರೂ ತಿಳಿಯಬಾರದು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನ ಲೇಖನಿಯಿಂದ 'ನಾನು' ಎಂಬ ಪದ ಹೊರಡುವುದೇ ಇಲ್ಲ. ಟಿಪ್ಪಣಿ ಹಾಳೆಯಲ್ಲಿ ಯಾರೂ 'ನಾನು' ಅಲ್ಲ. ಅಲ್ಲದೆ ಈ ಪ್ರಕರಣದಲ್ಲಿ ತಪ್ಪಿನ ಪಾಲು ನಮ್ಮದಾದರೂ ಬುದ್ಧಿಯ ಪಾಲು ಬಹುಮಟ್ಟಿಗೆ ಬೇರೆಯವರದು. ಎಲ್ಲರನ್ನೂ ಒಟ್ಟಿಗೆ ಕಟ್ಟಿದರೆ 'ನಾವು' ಎನ್ನುವುದೇ ಸರಿ.

ನಾವು ಗುಲ್ಬರ್ಗಾ ವಿಶ್ವವಿದ್ಯಾಲಯದ ಬಿ.ಎಸ್ಸಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಆ ಪದವಿಯಿಂದ ನೌಕರಿ ದೊರೆತದ್ದು ನಿಜ, ಆದರೆ ನೌಕರಿಯಲ್ಲಿ ಅದರ ಉಪಯೋಗ ಇಂದಿನವರೆಗೆ ಆಗಿಲ್ಲ. ಪಟಾನ್‌ಚೆರುವಿನಲ್ಲಿ ಮನೆ ಮಾಡಿದ ಮೇಲೆ ಬಂಧುಬಳಗದವರು ಮಿಕ್ಸಿ ಕೆಟ್ಟರೂ ಫ್ಯಾನು ಕೆಟ್ಟರೂ, "ನೀವು ಸೈನ್ಸ್ ಓದಿದವರಲ್ಲವೇ" ಎಂದು ನಮ್ಮ ಮುಂದೆ ತಂದಿಡುತ್ತಿದ್ದರು. ನಾವೂ ಇಲ್ಲವೆನ್ನುತ್ತಿರಲಿಲ್ಲ. ಹೀಗೆ ಬೆಳೆದ ಪ್ರತಿಷ್ಠೆ ಕೊನೆಗೆ ಒಂದು ಗಾಡಿಯ ಕೆಳಗೆ ಬಂದು ಕುಳಿತಿತು.

ನಗರದ ಒಳಗಿರುವ ಸದಸ್ಯರು ಪಟಾನ್‌ಚೆರುವಿಗೆ ಬರುವುದು ಕಡಮೆ. ಅವರಿಗಾಗಿ ಎರಡು ಮಾತು. ಮುಂಬೈ ಹೆದ್ದಾರಿಯ ಮೇಲೆ ಪಶ್ಚಿಮಕ್ಕೆ ಸುಮಾರು ಮೂವತ್ತು ಕಿಲೋಮೀಟರು ಬಂದರೆ ನಮ್ಮ ಊರು. 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇಲ್ಲಿಯೇ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳ ಮೇಲೆ ಸಂಶೋಧನೆ ಮಾಡುತ್ತಿದೆ. ಬೀದರ, ಕಲಬುರ್ಗಿಯ ಜನ ಹುಟ್ಟಿದಂದಿನಿಂದ ತಿಂದುಕೊಂಡು ಬಂದ ಧಾನ್ಯಗಳೇ ಅವು. ಮಿಕ್ಕದ್ದೆಲ್ಲ ಕಾರ್ಖಾನೆಗಳು, ಗೋದಾಮುಗಳು, ಅವುಗಳ ನಡುವೆ ಹಗಲೂ ರಾತ್ರಿ ಓಡಾಡುವ ಲಾರಿ, ಪಿಕಪ್ಪುಗಳು. ಇದೇ ರಸ್ತೆ ಹಿಡಿದು ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದು ದಾಟಿ ಬಲಕ್ಕೆ ತಿರುಗಿದರೆ ಬೀದರ. 1956ರ ನವೆಂಬರ್ 1ರವರೆಗೆ ಇವೆಲ್ಲ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು. ಅಂದು ಬೀದರ ಮೈಸೂರಿಗೆ ಹೋಯಿತು, ಪಟಾನ್‌ಚೆರು ಆಂಧ್ರಪ್ರದೇಶಕ್ಕೆ ಬಂತು. ನಾವು ರಾಜ್ಯೋತ್ಸವ ಆಚರಿಸುವ ದಿನವೇ ನಮ್ಮ ತವರಿಗೂ ಮನೆಗೂ ನಡುವೆ ಗಡಿ ಬಿದ್ದ ದಿನವೂ ಹೌದು. ಅದಿರಲಿ.

ಭಾವಮೈದುನ ಈ ರಸ್ತೆಯ ಮೇಲೆ ಹೊಟ್ಟೆ ಹೊರೆಯುವವನು. ಊರ ಕಡೆಯಿಂದ ಹಸಿಶುಂಠಿ, ಟೊಮೆಟೊ, ಕಾಲಕ್ಕೆ ತಕ್ಕಂತೆ ಬೇರೇನಾದರೂ ತುಂಬಿಕೊಂಡು ರಾತ್ರಿ ಹೊರಟು, ಬೆಳಗಾಗುವುದರೊಳಗೆ ಇಲ್ಲಿಯ ಮಾರುಕಟ್ಟೆಗೆ ಹಾಕಿ, ನಮ್ಮಲ್ಲಿ ಸ್ನಾನ ಊಟ ಮುಗಿಸಿ ಹಿಂದಿರುಗುತ್ತಾನೆ. ಎರಡು ವರ್ಷದ ಹಿಂದಿನ ಯುಗಾದಿಗೆ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡ. ಹಳೆಯ ಮಾದರಿಯ ಡೀಸೆಲ್ ಇಂಜಿನು. ಬೆಲೆ ನಾಲ್ಕು ಲಕ್ಷದ ಇಪ್ಪತ್ತು ಸಾವಿರ, ಅದರಲ್ಲಿ ಸಾಲವೇ ಮೂರು ಲಕ್ಷ. ಸಾಲಕ್ಕೆ ಸರ್ಕಾರಿ ನೌಕರನ ಜಾಮೀನು ಬೇಕೆಂದರು. ನಮ್ಮ ಶ್ರೀಮತಿ ನಮ್ಮ ಕಡೆ ನೋಡಿದಳು. ನಾವು ಸಹಿ ಹಾಕಿದೆವು. ಅವಳಿಗೆ ಅವನೊಬ್ಬನೇ ತಮ್ಮ.

ಮೊದಲು ಬಂದದ್ದು ನಡುಕ. ಮಳೆಗಾಲದಲ್ಲಿ ಒಂದು ಭಾನುವಾರ ಅವನು ಚಹಾ ಕುಡಿಯುತ್ತ, "ಮಾಮಾ, ಗಾಡಿ ಅರವತ್ತಕ್ಕ ಹೋತಂದ್ರ ನಡಗ್ಲಕತ್ತದ. ಐವತ್ತಕ್ಕ ಏನಿಲ್ಲ, ಎಂಬತ್ತಕ್ಕ ಮತ್ತ ಕಮ್ಮಿ ಆಗ್ತದ" ಎಂದ. ನಮಗೆ ಸಂತೋಷವಾಯಿತು. ಒಂದು ನಿರ್ದಿಷ್ಟ ವೇಗದಲ್ಲಿ ಹೆಚ್ಚಾಗಿ ಅದರ ಮೇಲೆ ಕೆಳಗೆ ಕಡಮೆಯಾಗುವುದೆಂದರೆ ಅನುನಾದ! ಕಾಲೇಜಿನ ಪ್ರಯೋಗಾಲಯದಲ್ಲಿ ಶ್ರುತಿಕವೆ ತಾಗಿಸಿ, ಸೋನೋಮೀಟರಿನ ತಂತಿಯ ಮೇಲಿಟ್ಟ ಕಾಗದದ ಚೂರು ಹಾರಿಬೀಳುವುದನ್ನು ನೋಡಿದ್ದೆವಲ್ಲ, ಅದೇ. ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆವು. ಟೈರಿನ ವ್ಯಾಸ ಸುಮಾರು ಎಪ್ಪತ್ತು ಸೆಂಟಿಮೀಟರು, ಸುತ್ತಳತೆ ಎರಡು ಮೀಟರು ಚಿಲ್ಲರೆ. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು. ಇಂಜಿನಿನಿಂದ ಹಿಂಚಕ್ರಕ್ಕೆ ಬಲ ಒಯ್ಯುವ ಉದ್ದನೆಯ ಪ್ರೊಪೆಲರ್ ಶಾಫ್ಟು ಅದರ ನಾಲ್ಕರಷ್ಟು, ಅಂದರೆ ಸೆಕೆಂಡಿಗೆ ಮೂವತ್ತು ಸುತ್ತು. ಇಂಜಿನಿನ ಸ್ಫೋಟಗಳು ಇನ್ನೂ ಹೆಚ್ಚು. ಇದರಿಂದ ಒಂದು ಉಪಾಯ ದೊರೆಯುತ್ತದೆ. ನಡುಕ ನಿಧಾನವಾಗಿ, ಸ್ಟಿಯರಿಂಗ್ ಹಿಡಿದ ಕೈ ಅಲುಗುವಂತಿದ್ದರೆ ಮುಂದಿನ ಚಕ್ರ. ಸೀಟು ಅಲುಗಿದರೆ ಹಿಂದಿನ ಚಕ್ರ. ಗುಂಯ್ ಎಂದು ಪಾದದಡಿಯ ತಗಡೇ ಜುಮುಗುಟ್ಟಿದರೆ ಶಾಫ್ಟು ಇಲ್ಲವೆ ಇಂಜಿನು. ಇದು ಇಂದಿಗೂ ನಿಲ್ಲುವ ಮಾತು. ನಾವು ಸರಿಯಾಗಿ ಲೆಕ್ಕ ಮಾಡಿ ತಪ್ಪಾಗಿ ನಡೆದುಕೊಂಡೆವು, ಅಷ್ಟೇ.

ಮರುದಿನ ಗಾಡಿಯಲ್ಲಿ ಕುಳಿತು ಹೋದೆವು. ಖಾಲಿ ರಸ್ತೆಯಲ್ಲಿ ಅರವತ್ತಕ್ಕೆ ತಂದು, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡು ಎಂದೆವು. (ಚಾವಿ ಮಾತ್ರ ತಿರುಗಿಸಬಾರದು. ಇಂಜಿನ್ ನಿಂತರೆ ಬ್ರೇಕಿನ ಸಹಾಯವೂ ಹೋಗುತ್ತದೆ, ಸ್ಟಿಯರಿಂಗ್ ಬೀಗವೂ ಬೀಳಬಹುದು.) ಇಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. "ನೋಡು, ಇಂಜಿನ್ ಕಾರಣವಲ್ಲ. ಚಕ್ರವೇ" ಎಂದು ತೀರ್ಪು ಕೊಟ್ಟೆವು. ಎರಡು ಹೊಸ ಟೈರು, ಬ್ಯಾಲೆನ್ಸಿಂಗು, ಅಲೈನ್‌ಮೆಂಟು, ಎಲ್ಲ ಸೇರಿ ಹದಿಮೂರು ಸಾವಿರ ಚಿಲ್ಲರೆ. ಗಾಡಿ ಮೊದಲಿನಂತೆಯೇ ನಡುಗಿತು.

ನ್ಯೂಟ್ರಲ್ ಮಾಡಿದಾಗ ಇಂಜಿನು ಮಾತ್ರ ಬೇರೆಯಾಗುತ್ತದೆ. ಚಕ್ರ ತಿರುಗುತ್ತಿರುವವರೆಗೆ ಪ್ರೊಪೆಲರ್ ಶಾಫ್ಟೂ ತಿರುಗುತ್ತಲೇ ಇರುತ್ತದೆ ಎಂಬುದು ನಮಗೆ ಹೊಳೆಯಲೇ ಇಲ್ಲ. ಅಂಗಾಲಿಗೆ ಜುಮುಗುಟ್ಟಿದ್ದನ್ನು ನಾವೇ ಅನುಭವಿಸಿದ್ದೆವು, ನಾವೇ ಮಾಡಿದ ಲೆಕ್ಕ ಜೇಬಿನಲ್ಲಿತ್ತು. ಭಾವಮೈದುನ ಒಂದು ಮಾತೂ ಆಡದೆ ದುಡ್ಡು ಕೊಟ್ಟ. ಆ ತಿಂಗಳು ಅವನ ಕಂತು ತಪ್ಪಿತು. ಸಾಲ ಕೊಟ್ಟವರ ಕಡೆಯಿಂದ ನಮ್ಮ ಕಚೇರಿಗೆ ಫೋನು ಬಂತು. ಜಾಮೀನುದಾರರೆಂದು ನಮ್ಮ ಹೆಸರನ್ನು ಅವರು ಕೇಳಿದ ಗಟ್ಟಿಧ್ವನಿ ಪಕ್ಕದ ಮೇಜಿನವರಿಗೂ ಕೇಳಿಸಿತು. ಅಂದು ಮಧ್ಯಾಹ್ನ ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ.

ಆ ಮೇಲೆ ಚಾಚಾ ಸಿಕ್ಕರು. ಇವರು ಹುಮನಾಬಾದಿನ ಕಡೆಯ ಮಿಸ್ತ್ರಿ, ವಯಸ್ಸು ಅರವತ್ತರ ಮೇಲೆ. ಹೆದ್ದಾರಿಯ ಬದಿಗೆ ತಗಡಿನ ಶೆಡ್ಡು. ಕನ್ನಡ, ದಖನಿ, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವರು. 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ಕಂಪನಿ ಜಪಾನಿನ ನಿಸ್ಸಾನ್‌ನವರ ಸಹಯೋಗದಲ್ಲಿ ಜಹೀರಾಬಾದಿನಲ್ಲಿ ಹಗುರ ಟ್ರಕ್ಕುಗಳನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಮುಂದೆ ಮಹೀಂದ್ರದವರ ಕೈಗೆ ಬಂತು. ಚಾಚಾ ಹುಡುಗನಾಗಿ ಪಾನಾ ಹಿಡಿಯಲು ಕಲಿತದ್ದು ಆ ಟ್ರಕ್ಕುಗಳ ಕೆಳಗೆ. ನಮ್ಮ ಗಾಡಿಯ ವೃತ್ತಾಂತವನ್ನೆಲ್ಲ, ಅನುನಾದವನ್ನೂ ಸೇರಿಸಿ, ವಿವರವಾಗಿ ಹೇಳಿದೆವು. ಅವರು ಕೇಳಿ, "ಸಾಹೇಬ್ರ, ಅದೆಲ್ಲ ಖರೇ. ನಡಗೂಕಿಂತ ಮೊದಲ ಗಾಡೀಗಿ ಏನ್ ಕೆಲಸ ಮಾಡಿಸಿದ್ರಿ?" ಎಂದರು.

ಮಾಡಿಸಿದ್ದೆವು. ಹೊರಡುವಾಗ ಹಿಂದಿನಿಂದ 'ಟಕ್' ಎಂದು ಸದ್ದು ಬರುತ್ತಿತ್ತೆಂದು ದಾರಿಯಲ್ಲಿ ಒಂದು ಅಂಗಡಿಯಲ್ಲಿ ಪ್ರೊಪೆಲರ್ ಶಾಫ್ಟಿನ ಕ್ರಾಸ್ ಬದಲಾಯಿಸಿದ್ದ. ಟಕ್ ಹೋಗಿತ್ತು. ನಡುಕ ಬಂದದ್ದು ಅದರ ಮುಂದಿನ ವಾರ. ಚಾಚಾ ಚಾಪೆ ಹಾಸಿ ಕೆಳಗೆ ಮಲಗಿ ನಮ್ಮನ್ನೂ ಕರೆದರು. ಶಾಫ್ಟಿನ ಎರಡು ತುದಿಗೂ ಎರಡು ಕವೆ ಇರುತ್ತವೆ. ಆ ಎರಡೂ ಒಂದೇ ನೇರದಲ್ಲಿರಬೇಕು. ಶಾಫ್ಟು ನಡುವೆ ಜಾರುವಂತೆ ಹಲ್ಲಿನ ಜೋಡಣೆ ಇದೆ. ಬಿಚ್ಚುವ ಮುಂಚೆ ಗುರುತು ಹಾಕಿಕೊಳ್ಳದೆ ಮತ್ತೆ ಸೇರಿಸಿದರೆ ಕವೆಗಳ ನೇರ ತಪ್ಪುತ್ತದೆ. ನಮ್ಮದು ಎರಡು ಹಲ್ಲು ತಪ್ಪಿತ್ತು. ಓರೆಯಾಗಿ ಕೂಡಿಸಿದ ಕ್ರಾಸು ಸಮವೇಗದಲ್ಲಿ ತಿರುಗುವುದಿಲ್ಲ; ಪ್ರತಿ ಸುತ್ತಿಗೆ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂದೆ ಬೀಳುತ್ತದೆ. ಎರಡನೆಯ ಕ್ರಾಸು ಅದಕ್ಕೆ ತದ್ವಿರುದ್ಧವಾಗಿ ನಡೆದು ಲೆಕ್ಕ ಚುಕ್ತಾ ಮಾಡುತ್ತದೆ, ಕವೆಗಳು ನೇರವಿದ್ದರೆ ಮಾತ್ರ. ಇಷ್ಟನ್ನು ಚಾಚಾ ಎರಡು ಕೈಗಳ ಬೆರಳನ್ನು ಕವೆ ಮಾಡಿ ತಿರುಗಿಸಿ ತೋರಿಸಿದರು. ನಾಲ್ಕು ಬೋಲ್ಟು ಬಿಚ್ಚಿ, ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಸರಿಯಾಗಿ ಕೂಡಿಸಿದರು. ಇಪ್ಪತ್ತೈದು ನಿಮಿಷ. ತೆಗೆದುಕೊಂಡದ್ದು ಇನ್ನೂರು ರೂಪಾಯಿ. ಅರವತ್ತಕ್ಕೆ ಹೋದರೂ ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ಅಲುಗಲಿಲ್ಲ.

ಸದ್ದುಗಳ ವಿಷಯವಾಗಿ ಅವರಿಂದ ಅನೇಕ ಸಂಗತಿ ಕಲಿತೆವು. ಎಲ್ಲವನ್ನೂ ಬರೆದರೆ ಸಂಚಿಕೆ ತುಂಬೀತು. ಒಂದೆರಡು ಹೇಳುತ್ತೇವೆ. ವೇಗದೊಡನೆ ಏರುವ ಹೂಂಕಾರ ಗಾಡಿಯನ್ನು ಎಡಕ್ಕೆ ಹೊರಳಿಸಿದಾಗ ಜಾಸ್ತಿಯಾದರೆ ಬಲಗಡೆಯ ಚಕ್ರದ ಬೇರಿಂಗನ್ನು ಮೊದಲು ನೋಡಬೇಕು, ಭಾರ ಆ ಕಡೆಗೆ ಬೀಳುವುದರಿಂದ. ಎಕ್ಸಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಹಿಂದಿನ ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್. ನಿಂತಲ್ಲೇ ಇಂಜಿನ್ ಸದ್ದು ಹದವಾಗಿದ್ದು ಕ್ಯಾಬಿನ್ ಮಾತ್ರ ಗದಗದ ಎಂದರೆ ಇಂಜಿನ್ ಕುಳಿತಿರುವ ರಬ್ಬರು, ಮಿಸ್ತ್ರಿಗಳು ಫೌಂಡೇಶನ್ ಎನ್ನುತ್ತಾರೆ, ಹರಿದಿರಬಹುದು. ಚಾಚಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿ, ವೈದ್ಯರಂತೆ ಕಣ್ಣು ಮುಚ್ಚಿ ಕೇಳುತ್ತಾರೆ.

ಇನ್ನು ಗಾಡಿ ನಿಲ್ಲುವ ಪ್ರಕರಣ. ಇದು ಸೆಪ್ಟೆಂಬರ್ ಕೊನೆಗೆ ಶುರುವಾಯಿತು. ಬೀದರದಿಂದ ಬರುವಾಗ ಸದಾಶಿವಪೇಟೆಗೂ ಕಂದಿಗೂ ನಡುವೆ ಎಲ್ಲಿಯೋ ಒಂದು ಕಡೆ ಇಂಜಿನ್ ಎರಡು ಸಲ ತಡವರಿಸಿ ಆರಿಹೋಗುವುದು. ಹತ್ತು ಹದಿನೈದು ನಿಮಿಷ ಕಾಯ್ದರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಪ್ರತಿದಿನ ಅಲ್ಲ, ವಾರಕ್ಕೆ ಎರಡು ಸಲ. ಪಟಾನ್‌ಚೆರುವಿನಿಂದ ಹಿಂದಿರುಗುವಾಗ ಒಂದು ಸಲವೂ ಇಲ್ಲ. ಮನೆಯಲ್ಲಿ ದೃಷ್ಟಿ ತೆಗೆದರು. ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ರಾಜ್ಯೋತ್ಸವದ ದಿನ ನಿಂತದ್ದಂತೂ ಐಐಟಿಯ ಹೆಬ್ಬಾಗಿಲು ಕಾಣುವ ಜಾಗದಲ್ಲಿ. ಅಷ್ಟು ಜನ ವಿದ್ವಾಂಸರು ಒಳಗಿದ್ದೂ ನಮ್ಮ ರೊಟ್ಟಿಗೆ ಉಪಯೋಗವಾಗಲಿಲ್ಲ. ಅಂದು ಬ್ಯಾಟರಿಯೂ ಇಳಿದು, ತಳ್ಳುವವರು ಸಿಗುವವರೆಗೆ ಕಾಯಬೇಕಾಯಿತು. ಎರಡೂವರೆ ಗಂಟೆಯ ಲೆಕ್ಕ ಇದು.

ನಾವು ಟೈರಿನ ಕಥೆಯಾದ ಮೇಲೆ ಬಾಯಿ ಬಿಗಿಹಿಡಿದಿದ್ದೆವು. ಅವನೂ ನಮ್ಮನ್ನು ಕೇಳಲಿಲ್ಲ. ಚಾಚಾ ಮೊಮ್ಮಗಳ ಮದುವೆಗೆಂದು ಊರಿಗೆ ಹೋಗಿದ್ದರು. ದೊಡ್ಡದೊಂದು ವರ್ಕ್‌ಶಾಪಿನವರು ಗಾಡಿ ನೋಡಿ, "ಭಾರ ಹೊತ್ತಾಗ ಮಾತ್ರ ನಿಲ್ಲುತ್ತದೆ, ಹಾಗಾದರೆ ಪಂಪು ಸೋತಿದೆ. ಪಂಪು, ನಾಲ್ಕು ನೋಜಲ್ಲು, ನಲವತ್ತಾರು ಸಾವಿರ" ಎಂದು ಚೀಟಿ ಬರೆದುಕೊಟ್ಟರು. ಭಾವಮೈದುನನಿಗೆ ಅಷ್ಟು ಹಣ ಹೊಂದುವಂತಿರಲಿಲ್ಲ. ಗಾಡಿ ಮಾರಿಬಿಡುವುದೆಂದು ನಿಶ್ಚಯಿಸಿ ಒಬ್ಬ ಗಿರಾಕಿಯನ್ನೂ ನೋಡಿದ. ಅವನು ಹೇಳಿದ ಬೆಲೆಯಲ್ಲಿ ಸಾಲವೇ ತೀರುತ್ತಿರಲಿಲ್ಲ.

ನವೆಂಬರ್ ಮಧ್ಯದಲ್ಲಿ ನಮ್ಮ ಮಾವನವರು ಮಗನ ಜೊತೆ ಗಾಡಿಯಲ್ಲಿ ಬಂದರು. ಊಟ ಮಾಡಿ, ಮಗ ಮಲಗಿದ ಮೇಲೆ, ನಮ್ಮನ್ನು ಹೊರಗೆ ಕರೆದು ಹೇಳಿದ್ದಿಷ್ಟು. ಸಂಗಾರೆಡ್ಡಿಯ ಸಮೀಪ ಕತ್ತಲಲ್ಲಿ ಮುಂದಿನ ಲಾರಿ ಹಠಾತ್ತನೆ ನಿಧಾನವಾಯಿತು. ಅದೇ ಗಳಿಗೆಗೆ ಇವರ ಇಂಜಿನ್ ಆರಿತ್ತು. ಬ್ರೇಕು ಎರಡು ಸಲ ಹಿಡಿಯಿತು, ಮೂರನೆಯದಕ್ಕೆ ಪೆಡಲು ಕಲ್ಲಾಯಿತು. ಸ್ಟಿಯರಿಂಗ್ ಬಿಗಿಯಾಯಿತು. ಒಂದೂಕಾಲು ಟನ್ ಶುಂಠಿ ಹಿಂದಿನಿಂದ ತಳ್ಳುತ್ತಿತ್ತು. ಹುಡುಗ ಎರಡು ಕೈಯಿಂದ ಎಳೆದು ಎಡದ ಮಣ್ಣಿಗೆ ಇಳಿಸಿದ. ಬ್ರೇಕಿಗೆ ಬಲ ಕೂಡಿಸುವ ನಿರ್ವಾತವನ್ನು ಇಂಜಿನ್ ಓಡುತ್ತಿರುವಾಗ ಅದರದೇ ಪಂಪು ಉಂಟುಮಾಡುತ್ತದೆ. ಇಂಜಿನ್ ನಿಂತರೆ ಉಳಿದಿರುವುದು ಒಂದೆರಡು ಸಲದ ಬಂಡವಾಳ ಮಾತ್ರ. "ಅಳಿಯರೆ, ಮಗಳಿಗಿ ಹೇಳಬ್ಯಾಡ್ರಿ. ಅಂವ ಮಾರ್ತೀನಿ ಅಂದ್ರ ಮಾರ್ಲಿ ಅಂತ ಹೇಳ್ರಿ" ಎಂದರು ಮಾವನವರು. ಎಂದೂ ನಮ್ಮಿಂದ ಏನನ್ನೂ ಕೇಳದವರು ಅವರು.

ಮಾರಿದರೆ ಕೊಂಡವನ ಜೀವ? ಆ ಮಾತು ನಮ್ಮ ಬಾಯಿಗೆ ಬಂತು, ಆಡಲಿಲ್ಲ. ಮಾರುವ ಮುಂಚೆ ಒಂದು ತಿಂಗಳ ಅವಧಿ ಬೇಡಿಕೊಂಡೆವು. ಆ ಅವಧಿಯಲ್ಲಿ ರಾತ್ರಿ ಪ್ರಯಾಣ ಬಂದ್, ವೇಗ ಐವತ್ತರೊಳಗೆ, ಎಡದಂಚು ಬಿಡಬಾರದು ಎಂದು ಕರಾರು ಮಾಡಿದೆವು. ಭೌತಶಾಸ್ತ್ರವನ್ನು ಈ ಸಲ ಮೂಲೆಗಿಟ್ಟು ನಮಗೆ ನಿಜವಾಗಿ ಬರುವ ವಿದ್ಯೆಯನ್ನು ಹಿಡಿದೆವು, ರಿಜಿಸ್ಟರು. ನೂರು ಪುಟದ ಲಾಂಗ್ ಬುಕ್ಕಿಗೆ ಗೆರೆ ಹಾಕಿ ಕಾಲಮ್ಮು ಮಾಡಿದೆವು. ತಾರೀಖು, ಹೊರಟ ವೇಳೆ, ಭಾರ, ಡೀಸೆಲ್ ಎಲ್ಲಿ ಎಷ್ಟು ಹಾಕಿಸಿದ್ದು, ಚಹಾಕ್ಕೆ ನಿಂತದ್ದು, ಇಂಜಿನ್ ನಿಂತ ಜಾಗ, ಮತ್ತೆ ಹೊರಟ ವೇಳೆ, ಹೊರಡಿಸಲು ಮಾಡಿದ್ದು. "ಮಾಮಾ, ಇದ್ರಾಗ ಡೀಸೆಲ್ ಯಾಕ?" ಎಂದ. ಯಾಕೆಂದು ನಮಗೂ ಗೊತ್ತಿರಲಿಲ್ಲ. ಕಾಲಮ್ಮು ಒಂದು ಹೆಚ್ಚಿದ್ದರೆ ಆಕ್ಷೇಪಣೆ ಬರುವುದಿಲ್ಲ, ಕಡಮೆಯಿದ್ದರೆ ಬರುತ್ತದೆ. ಇದು ಕಚೇರಿಯ ಅನುಭವ.

ಡಿಸೆಂಬರ್ ಕೊನೆಗೆ ಹದಿನೆಂಟು ಪ್ರಯಾಣಗಳು ದಾಖಲಾದವು. ಆರು ಸಲ ನಿಂತಿತ್ತು. ಒಂದು ರಾತ್ರಿ ಊಟದ ಮೇಲೆ ಇಬ್ಬರೂ ಕೆಂಪು ಪೆನ್ನು ಹಿಡಿದು ಕುಳಿತೆವು. ಭಾರಕ್ಕೂ ನಿಲ್ಲುವುದಕ್ಕೂ ಸಂಬಂಧವೇ ಕಾಣಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹೊತ್ತ ದಿನ ಸುಖವಾಗಿ ಬಂದಿತ್ತು. ಬಿಸಿಲಿಗೂ ಸಂಬಂಧವಿಲ್ಲ. ಡೀಸೆಲಿನ ಕಾಲಮ್ಮಿಗೆ ಬಂದಾಗ ಮಾತ್ರ ಇಬ್ಬರೂ ಸುಮ್ಮನಾದೆವು. ಕರ್ನಾಟಕದಲ್ಲಿ ಡೀಸೆಲ್ ತೆಲಂಗಾಣಕ್ಕಿಂತ ಸೋವಿ. ಕೈಯಲ್ಲಿ ದುಡ್ಡಿದ್ದ ದಿನ ಅವನು ಬೀದರದಲ್ಲಿಯೇ ಟಾಕಿ ಕಂಠದವರೆಗೆ ತುಂಬಿಸುತ್ತಾನೆ, ಇಲ್ಲದ ದಿನ ಸಾವಿರ ರೂಪಾಯಿಯದು. ನಿಂತ ಆರೂ ದಿನ ಟಾಕಿ ಭರ್ತಿ. ಸಾವಿರ ರೂಪಾಯಿಯ ದಿನ ಒಂದು ಸಲವೂ ನಿಂತಿಲ್ಲ. ಹಿಂದಿರುಗುವಾಗ ಹೇಗೂ ಟಾಕಿ ಇಳಿದಿರುತ್ತದೆ.

"ಹೊಟ್ಟಿ ತುಂಬಿದ್ರ ಮಲಗ್ತದ, ಹಸದ್ರ ಓಡ್ತದ" ಎಂದ ಭಾವಮೈದುನ. "ನಿಮ್ಮ ಆಫೀಸಿನವ್ರಂಗ ಅದ ಮಾಮಾ ಇದು."

ಬಹಳ ದಿನದ ಮೇಲೆ ಅವನು ನಗೆಯಾಡಿದ್ದು ಅದು. ಆದರೆ ಅರ್ಥವಾಗಲಿಲ್ಲ. ಡೀಸೆಲ್ ಇಲ್ಲದೆ ನಿಂತ ಗಾಡಿ ಲೋಕದಲ್ಲಿ ಉಂಟು, ಡೀಸೆಲ್ ಹೆಚ್ಚಾಗಿ ನಿಂತದ್ದನ್ನು ಕೇಳಿಲ್ಲ. ಶ್ರೀಮತಿ ಅಡಿಗೆಮನೆಯಲ್ಲಿ ಹದಿನೈದು ಕಿಲೋ ಎಣ್ಣೆಯ ಡಬ್ಬಿ ಒಡೆಯುತ್ತಿದ್ದಳು. ಮೊಳೆಯಿಂದ ಒಂದು ತೂತು ಹೊಡೆದು, ಎದುರು ಮೂಲೆಯಲ್ಲಿ ಇನ್ನೊಂದು ಹೊಡೆದಳು. ನಮ್ಮ ಮಾತು ಅವಳ ಕಿವಿಗೆ ಬೀಳುತ್ತಲೇ ಇತ್ತು. ಕೈ ಒರೆಸಿಕೊಳ್ಳುತ್ತ ಬಂದು, "ಏನ್ರೀ, ಟಾಕೀಗಿ ಗಾಳಿ ಎಲ್ಲಿಂದ ಹೋಗ್ತದ? ಎರಡನೇ ತೂತು ಇಲ್ದಿದ್ರ ಎಣ್ಣಿ ಹ್ಯಾಂಗ ಇಳೀಬೇಕು?" ಎಂದಳು.

ಬಾಯ್ಲನ ನಿಯಮ! 1662ರಲ್ಲಿ ಆ ಮಹಾನುಭಾವ ಪ್ರಕಟಿಸಿದ್ದು, ನಾವು ಪ್ರಾಯೋಗಿಕ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡದ್ದು. ಉಷ್ಣತೆ ಬದಲಾಗದಿದ್ದರೆ ಅನಿಲದ ಗಾತ್ರ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತದೆ. ಕಂಠದವರೆಗೆ ತುಂಬಿದ ಟಾಕಿಯಲ್ಲಿ ಮೇಲೆ ಐದು ಲೀಟರಿನಷ್ಟು ಗಾಳಿ ಇದೆಯೆನ್ನಿ. ಹೊರಗಿನ ಗಾಳಿ ಬರದಂತೆ ಮುಚ್ಚಿ ಐದು ಲೀಟರು ಡೀಸೆಲ್ ಉರಿಸಿದರೆ ಆ ಗಾಳಿ ಹತ್ತು ಲೀಟರಿನ ಜಾಗಕ್ಕೆ ಹರಡಬೇಕು, ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಪಂಪು ಎಷ್ಟು ಎಳೆದರೂ ಟಾಕಿ ಹಿಂದಕ್ಕೆ ಎಳೆಯುತ್ತದೆ. ಅರ್ಧ ಖಾಲಿಯಿದ್ದ ಟಾಕಿಯಲ್ಲಿ ಮೂವತ್ತು ಲೀಟರು ಗಾಳಿ ಇರುತ್ತದೆ. ಅದೇ ಐದು ಲೀಟರು ಉರಿದರೆ ಒತ್ತಡ ಇಳಿಯುವುದು ಏಳರಲ್ಲಿ ಒಂದು ಪಾಲು, ಪಂಪು ಸುಧಾರಿಸಿಕೊಂಡು ಹೋಗುತ್ತದೆ. ಬೀದರದಿಂದ ಕಂದಿಯವರೆಗೆ ಉರಿಯುವುದು ಆರೇಳು ಲೀಟರು. ಎಲ್ಲಿಯೋ ಸಣ್ಣ ಸಂದಿನಿಂದ ಗಾಳಿ ಮೆಲ್ಲಗೆ ಜಿನುಗುವುದರಿಂದ ಹತ್ತು ನಿಮಿಷ ನಿಂತರೆ ಮತ್ತೆ ಸರಿ. ನಿಂತಾಗ ಫಿಲ್ಟರಿನ ಮೇಲಿನ ಕೈಪಂಪು ಒತ್ತಿದರೆ ಮೇಲಕ್ಕೇ ಬರುವುದಿಲ್ಲವೆಂದು ರಿಜಿಸ್ಟರಿನಲ್ಲಿ ಅವನೇ ಮೂರು ಕಡೆ ಬರೆದಿದ್ದ. ಅದು ಪಂಪು ಸೋತದ್ದಕ್ಕೆ ಸಾಕ್ಷಿಯೆಂದು ನಾವು ತಿಳಿದಿದ್ದೆವು.

ಟಾಕಿಯ ಮುಚ್ಚಳ ಯಾವಾಗಿನದು ಎಂದು ಕೇಳಿದೆವು. ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯ ಹತ್ತಿರ ಯಾರೋ ರಾತ್ರಿ ಡೀಸೆಲ್ ಕದ್ದು ಮುಚ್ಚಳವನ್ನೂ ಎಸೆದಿದ್ದರು. ಅಂದೇ ಹಳೆಯ ಸಾಮಾನಿನ ಅಂಗಡಿಯಲ್ಲಿ ನೂರೈವತ್ತಕ್ಕೆ ಬೀಗವಿರುವ ಮುಚ್ಚಳ ಕೊಂಡಿದ್ದ, ಬೇರೆ ಯಾವುದೋ ಗಾಡಿಯದು. ಚಾಚಾ ಊರಲ್ಲಿದ್ದಿದ್ದರೆ ಮೊದಲು ಕೇಳುತ್ತಿದ್ದುದೇ ಈ ಪ್ರಶ್ನೆ. ಅವರು ಒಮ್ಮೆ ಕೇಳಿದ್ದನ್ನು ನೋಡಿಯೂ ನಮ್ಮ ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಮ್ಮು ಇರಲಿಲ್ಲ.

ಮುಂದಿನ ಭಾನುವಾರ ಬೀದರಕ್ಕೆ ಹೋಗಿ, ಟಾಕಿ ತುಂಬಿಸಿ, ಬೇಕೆಂದೇ ಎಲ್ಲಿಯೂ ನಿಲ್ಲದೆ ಹೊರಟೆವು. ಗಾಡಿ ನಿಲ್ಲಲೆಂದು ಹಾರೈಸುತ್ತ ಪ್ರಯಾಣ ಮಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಸದಾಶಿವಪೇಟೆ ದಾಟಿ ನಾಲ್ಕು ಕಿಲೋಮೀಟರಿಗೆ ತಡವರಿಸಿತು. ಬದಿಗೆ ಇಳಿಸಿ, ನಾಲ್ಕೂ ದೀಪ ಮಿಣುಕಿಸಿ, ಭಾವಮೈದುನ ಮುಚ್ಚಳಕ್ಕೆ ಚಾವಿ ಹಾಕಿದ. ಸ್ಸ್ಸ್ ಎಂದು ಟಾಕಿ ಉದ್ದಕ್ಕೆ ಉಸಿರು ಎಳೆದುಕೊಂಡ ಸದ್ದು ರಸ್ತೆಯ ಗದ್ದಲದಲ್ಲೂ ಕೇಳಿಸಿತು. ಕೈಪಂಪು ನಾಲ್ಕು ಸಲ ಒತ್ತಿ ಚಾವಿ ತಿರುಗಿಸಿದರೆ ಒಂದೇ ಸಲಕ್ಕೆ ಇಂಜಿನ್ ಹಿಡಿಯಿತು. ಅವನು ಏನೂ ಹೇಳದೆ ಟಾಕಿಯ ತಗಡನ್ನು ಕೈಯಿಂದ ಸವರಿದ. ಅದು ಒಂದು ಕಡೆ ಒಳಕ್ಕೆ ಸೊಟ್ಟಗಾಗಿತ್ತು. ಅಷ್ಟು ದಿನ ಯಾರೂ ಗಮನಿಸಿರಲಿಲ್ಲ.

ಚಾಚಾ ಊರಿನಿಂದ ಬಂದು ನೋಡಿದರು. ಟಾಕಿಗೆ ಸಣ್ಣದೊಂದು ಗಾಳಿ ಕೊಳವೆಯೂ ಇತ್ತು, ಅದರ ಬಾಯಿಗೆ ಮಣ್ಣು ಮೆತ್ತಿ ಒಣಗಿತ್ತು. ಹಳೆಯ ಮುಚ್ಚಳ ಇರುವವರೆಗೆ ಅದು ತಿಳಿಯಲಿಲ್ಲ, ಮುಚ್ಚಳ ಹೋದ ಮೇಲೆ ಎರಡು ದಾರಿಯೂ ಬಂದ್. ತಂತಿ ಹಾಕಿ ಕೊಳವೆ ಬಿಡಿಸಿದರು. ಆ ಗಾಡಿಯದೇ ಮುಚ್ಚಳ ಇನ್ನೂರ ಎಂಬತ್ತು ರೂಪಾಯಿ. ನಲವತ್ತಾರು ಸಾವಿರದ ಚೀಟಿಯನ್ನು ಅವರಿಗೆ ತೋರಿಸಿದೆವು. ಓದಿ ಮಡಿಚಿ ಹಿಂದಕ್ಕೆ ಕೊಟ್ಟರು, ಯಾರನ್ನೂ ಬೈಯಲಿಲ್ಲ. "ನಾನೂ ಹೀಂಗ ಒಂದು ಪಂಪ್ ಬದಲಿಸೀನಿ ಸಾಹೇಬ್ರ, ಇಪ್ಪತ್ತು ವರ್ಷದ ಹಿಂದ" ಎಂದರು.

ನಿಲ್ಲುವ ಗಾಡಿಗಳೆಲ್ಲ ಮುಚ್ಚಳದಿಂದಲೇ ನಿಲ್ಲುತ್ತವೆಂದು ಓದುಗರು ತಿಳಿಯಬಾರದು. ಡೀಸೆಲಿನಲ್ಲಿ ನೀರಿದ್ದರೂ, ಫಿಲ್ಟರು ಕಟ್ಟಿದರೂ, ಪೈಪಿನ ಸಂದಿನಿಂದ ಗಾಳಿ ಹೊಕ್ಕರೂ, ಟಾಕಿಯ ತಳದ ಜಾಳಿಗೆಗೆ ಬಟ್ಟೆಯ ಚೂರು ಅಂಟಿದರೂ ಹೀಗೆಯೇ ನಿಲ್ಲುತ್ತದೆ. ನಿಂತಾಗ ಮುಚ್ಚಳ ತೆರೆದು ಕಿವಿಗೊಡುವುದಕ್ಕೆ ಖರ್ಚಿಲ್ಲ, ಅದನ್ನು ಮೊದಲು ಮಾಡಿ. ಆದರೆ ಇನ್ನೊಂದು ಎಚ್ಚರಿಕೆ. ಹಳೆಯ ಮಿಸ್ತ್ರಿಗಳು ಇಂಜಿನ್ ಓಡುತ್ತಿರುವಾಗ ನೋಜಲ್ಲಿನ ಪೈಪು ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರು ಸೋತಿದೆಯೆಂದು ನೋಡುತ್ತಿದ್ದರು. ಈಗಿನ ಕಾಮನ್ ರೈಲ್ ಇಂಜಿನುಗಳಲ್ಲಿ ಅದನ್ನು ಮಾಡಲೇಬಾರದು. ಅಲ್ಲಿಯ ಒತ್ತಡ ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಮಿಗಿಲು. ಕೂದಲೆಳೆಯಂಥ ಡೀಸೆಲ್ ಧಾರೆ ಚರ್ಮವನ್ನೇ ಭೇದಿಸಿ ಒಳಹೊಗುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್ ಆರು ಗಾಡಿಗಳಿಗೆ ಚಾಚಾ ಕೈ ಹಚ್ಚುವುದಿಲ್ಲ. ಅವರ ಮಗ ಸ್ಕ್ಯಾನರ್ ಕೊಂಡಿದ್ದಾನೆ. ಅದು ಸಂಖ್ಯೆ ತೋರಿಸುತ್ತದೆ. ಸಂಖ್ಯೆ ನೋಡಿದ ಮೇಲೂ ಹುಡುಗ ಗಿರಾಕಿಯನ್ನು ತಂದೆಯಂತೆಯೇ ಕೇಳುತ್ತಾನೆ, ಇದಕ್ಕೆ ಮೊದಲು ಏನು ಕೆಲಸ ಮಾಡಿಸಿದಿರಿ ಎಂದು.

ಭಾವಮೈದುನ ರಿಜಿಸ್ಟರನ್ನು ಬಿಟ್ಟಿಲ್ಲ. ಕೊನೆಯ ಕಾಲಮ್ಮನ್ನು ತಾನೇ ಗೆರೆ ಎಳೆದು ಸೇರಿಸಿದ್ದಾನೆ, 'ಹೊಸದಾಗಿ ಬದಲಿಸಿದ್ದು'. ಕಂತು ತಪ್ಪಿಲ್ಲ, ಇನ್ನು ಹದಿನಾಲ್ಕು ಉಳಿದಿವೆ. ಟೈರಿನ ಹದಿಮೂರು ಸಾವಿರವನ್ನು ನಾವು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಟೈರು ಚಲೋ ಅವ ಮಾಮಾ ಎಂದ. ಮಾವನವರು ಮತ್ತೆ ಗಾಡಿಯಲ್ಲಿಯೇ ಬರುತ್ತಾರೆ. ಅವರ ಆ ರಾತ್ರಿಯ ಮಾತು ಶ್ರೀಮತಿಗೆ ಇಂದಿಗೂ ಗೊತ್ತಿಲ್ಲ. ಈ ಸಂಚಿಕೆ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ, ಅದನ್ನು ಎದುರಿಸಲು ಸಿದ್ಧರಿದ್ದೇವೆ.

ಈ ಸಲದ ರಾಜ್ಯೋತ್ಸವಕ್ಕೆ ರೊಟ್ಟಿ ಹನ್ನೊಂದು ಗಂಟೆಗೇ ಬಂತು. ಸಭಾಂಗಣದ ಅಡಿಗೆಕೋಣೆಯ ಬೀಗದಕೈ ಇದ್ದವರು ಬಂದದ್ದು ಒಂದು ಗಂಟೆಗೆ. ಆ ವಿಷಯದಲ್ಲಿ ಕೈಫಿಯತ್ತು ಬರೆಯಬೇಕಾದವರು ನಾವಲ್ಲ.